ಮುಪ್ಪೋ, ಹೊರೆಯೋ?

ಕುಣಿಯಲಾರದವಳು ನೆಲ ಡೊಂಕೆಂದ ಗಾದೆಯನ್ನು ಎಲ್ಲರೂ ಬಲ್ಲರು. ಆದರೆ ನೆಲವೇ ಡೊಂಕಾಗಿದ್ದು, ಕುಣಿಯುವವಳ ಮೇಲೆ ತಪ್ಪು ಹೊರಿಸುವ ಸಂದರ್ಭಗಳೂ ಉಂಟು. ಮಧ್ಯಮ ವರ್ಗದ ಮನೆಯ ಮೂಲೆಯಲ್ಲಿ ಹೊದಿಕೆ ಹೊದ್ದು ಕುಳಿತಿರುವ ಹಳೆಯ ಕಂಪ್ಯೂಟರಿನ ಪಾಡು ಬಹುಮಟ್ಟಿಗೆ ಅಂಥದೇ.

2013ರಲ್ಲಿ ಮಗಳು ಪ್ರೌಢಶಾಲೆ ಸೇರಿದಾಗ ಕಂತಿನ ಮೇಲೆ ಕೊಂಡ ಯಂತ್ರವೊಂದನ್ನು ಊಹಿಸಿಕೊಳ್ಳಬಹುದು. ಬೆಳಿಗ್ಗೆ ಗುಂಡಿ ಒತ್ತಿ, ಕಾಫಿ ಕುಡಿದು, ದಿನಪತ್ರಿಕೆಯ ಮೊದಲ ಪುಟ ಮುಗಿಸಿ ಬಂದರೂ ಪರದೆಯ ಮೇಲಿನ ಚಕ್ರ ತಿರುಗುತ್ತಲೇ ಇರುತ್ತದೆ. "ಇದಕ್ಕೆ ವಯಸ್ಸಾಯಿತು, ಗುಜರಿಗೆ ಹಾಕೋಣ" ಎನ್ನುತ್ತಾರೆ ಯಜಮಾನರು. "ಹಾಕಿ, ಆದರೆ ಮಾವನವರ ಸಹಸ್ರಚಂದ್ರದರ್ಶನದ ಫೋಟೋಗಳೆಲ್ಲ ಅದರೊಳಗೇ ಇವೆಯಲ್ಲ?" ಎನ್ನುತ್ತಾರೆ ಮನೆಯಾಕೆ. ಮಾವನವರು ಈಗಿಲ್ಲ. ಯಜಮಾನರ ಮಾತು ಅಲ್ಲಿಗೇ ನಿಲ್ಲುತ್ತದೆ.

ಚಿಕಿತ್ಸೆ ಆರಂಭವಾಗಬೇಕಾದುದು ಈ ಮಾತಿನಿಂದಲೇ. ನಿಧಾನಗತಿಯು ಕೆಲವೊಮ್ಮೆ ಬರಿಯ ಆಲಸ್ಯವಲ್ಲ, ಹಾರ್ಡ್ ಡಿಸ್ಕ್ ಕೊನೆಯುಸಿರೆಳೆಯುತ್ತಿರುವುದರ ಲಕ್ಷಣ. ಒಳಗಿನಿಂದ ಟಕ್ ಟಕ್ ಎಂಬ ಸದ್ದು ಬರತೊಡಗಿದರೆ, ಕಡತ ತೆರೆಯುವಾಗ ಯಂತ್ರ ಮರಗಟ್ಟಿ ನಿಂತರೆ, ಬೇರೆಲ್ಲ ಉಪಾಯಗಳನ್ನೂ ಬದಿಗಿಡಬೇಕು. ಚಿತ್ರಗಳನ್ನೂ ಕಾಗದಪತ್ರಗಳನ್ನೂ ಮೊದಲು ಎರಡು ಬೇರೆ ಬೇರೆ ಕಡೆ ನಕಲು ಮಾಡಿಡಬೇಕು. ವೇಗದ ಯೋಚನೆ ಆಮೇಲಿನದು.

ಎರಡನೆಯದು ರೋಗನಿದಾನ. ವಿಂಡೋಸ್ ಇರುವ ಯಂತ್ರದಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆದುಕೊಳ್ಳುತ್ತದೆ. ಪ್ರೊಸೆಸರ್, ರ‍್ಯಾಮ್, ಡಿಸ್ಕ್ ಇವುಗಳಲ್ಲಿ ಯಾವುದು ದಣಿದಿದೆ ಎಂಬುದು ಅಲ್ಲಿ ಅಂಕಿಗಳಲ್ಲಿಯೇ ಕಾಣುತ್ತದೆ. ಯಂತ್ರ ಎಚ್ಚರಗೊಳ್ಳುವಾಗ ಕರೆಯದೆಯೇ ಎದ್ದು ಬರುವ ತಂತ್ರಾಂಶಗಳ ಪಟ್ಟಿಯೂ ಅಲ್ಲಿಯೇ ಇದೆ. ಎಂದೋ ಒಮ್ಮೆ ಬಳಸಿ ಮರೆತವುಗಳು ಅದರಲ್ಲಿ ಹಲವಿರುತ್ತವೆ. ವೈರಸ್ ತಡೆಯುವ ಕಾವಲುಗಾರನನ್ನು ಉಳಿಸಿಕೊಂಡು, ಬೇಡದವನ್ನು ನಿಲ್ಲಿಸಿದರೆ ಕಾಸಿನ ಖರ್ಚಿಲ್ಲದೆ ಅಷ್ಟು ಹೊರೆ ಇಳಿಯುತ್ತದೆ.

ಡಿಸ್ಕ್ ನೂರಕ್ಕೆ ನೂರರಷ್ಟು ದುಡಿಯುತ್ತಿದ್ದರೆ ಕಾರಣ ಸ್ಪಷ್ಟ. ಹಾರ್ಡ್ ಡಿಸ್ಕ್ ಎಂಬುದು ಗ್ರಾಮಫೋನ್ ತಟ್ಟೆಯ ಬಂಧು. ನಿಮಿಷಕ್ಕೆ 5,400 ಅಥವಾ 7,200 ಸುತ್ತು ತಿರುಗುವ ತಟ್ಟೆಯ ಮೇಲೆ ತೋಳೊಂದು ಓಡಾಡಿ ಮಾಹಿತಿಯನ್ನು ಹುಡುಕುತ್ತದೆ. ಹೀಗೆ ಚದುರಿದ ತುಣುಕುಗಳನ್ನು ಸೆಕೆಂಡಿಗೆ ಹೆಚ್ಚೆಂದರೆ ನೂರರ ಆಸುಪಾಸಿನಲ್ಲಿ ಮಾತ್ರ ಅದು ಹೆಕ್ಕಬಲ್ಲುದು. ಯಂತ್ರ ಏಳಲು ಬೇಕಾದುದೋ ಸಾವಿರಾರು ತುಣುಕು. ಎಸ್.ಎಸ್.ಡಿ.ಯಲ್ಲಿ ತಿರುಗುವ ಭಾಗವೇ ಇಲ್ಲ. ಆದುದರಿಂದ ಹುಡುಕಾಟದ ವಿಳಂಬವೂ ಇಲ್ಲದಂತೆಯೇ. 2013ರ ಯಂತ್ರದಲ್ಲಿರುವ ಸಾಟಾ ಜೋಡಣೆಗೇ ಇದು ಹೊಂದುತ್ತದೆ. ಹಳೆಯ ಯಂತ್ರಕ್ಕೆ ಒಂದೇ ಒಂದು ಖರ್ಚು ಮಾಡುವುದಾದರೆ ಮೊದಲ ಮರ್ಯಾದೆ ಇದಕ್ಕೇ ಸಲ್ಲಬೇಕು.

ರ‍್ಯಾಮ್ ಎಂಬುದು ಅಡುಗೆಮನೆಯ ಕಟ್ಟೆಯಿದ್ದಂತೆ. ಕಟ್ಟೆ ಚಿಕ್ಕದಾದರೆ ಹೆಜ್ಜೆಹೆಜ್ಜೆಗೂ ಉಗ್ರಾಣಕ್ಕೆ ಓಡಬೇಕು. ರ‍್ಯಾಮ್ ತುಂಬಿದಾಗ ಯಂತ್ರವೂ ಹಾಗೆಯೇ ಡಿಸ್ಕಿಗೆ ಓಡುತ್ತದೆ. 4 ಜಿ.ಬಿ. ಇದ್ದುದನ್ನು 8ಕ್ಕೆ ಏರಿಸಿದರೆ ಆ ಓಟ ತಗ್ಗುತ್ತದೆ. ಆದರೆ ಡಿಡಿಆರ್3 ಇರುವ ಜಾಗದಲ್ಲಿ ಡಿಡಿಆರ್4 ಕೂರುವುದಿಲ್ಲ. ಕೊಳ್ಳುವ ಮುನ್ನ ನೋಡಿಕೊಳ್ಳಬೇಕು. ಇನ್ನು ಫ್ಯಾನಿಗೆ ಮೆತ್ತಿದ ಧೂಳು: ಕಾವು ಮಿತಿಮೀರಿದಾಗ ಪ್ರೊಸೆಸರ್ ತನ್ನನ್ನು ಉಳಿಸಿಕೊಳ್ಳಲು ತಾನಾಗಿಯೇ ವೇಗ ಇಳಿಸುತ್ತದೆ. ವಿದ್ಯುತ್ ತಂತಿ ಕಿತ್ತು, ಮೆದುವಾದ ಕುಂಚದಿಂದ ಧೂಳು ತೆಗೆಯುವುದೇ ಅದಕ್ಕೆ ಮದ್ದು. 'ಕ್ಷಣದಲ್ಲಿ ವೇಗ ಇಮ್ಮಡಿ' ಎಂದು ಸಾರುವ ತಂತ್ರಾಂಶಗಳು ಸಂತೆಯ ಸರ್ವರೋಗ ನಿವಾರಣಿಯಂಥವು. ಹೊರೆಗೆ ಮತ್ತೊಂದು ಹೊರೆ.

ಹಾಗಾದರೆ ಯಂತ್ರಕ್ಕೆ ಮುಪ್ಪು ಬಂದಿಲ್ಲವೇ? 2009ರ ವಿಂಡೋಸ್ 7ರ 64 ಬಿಟ್ ಆವೃತ್ತಿಗೆ ಕನಿಷ್ಠ 2 ಜಿ.ಬಿ. ರ‍್ಯಾಮ್ ಸಾಕಾಗಿತ್ತು; 2021ರ ವಿಂಡೋಸ್ 11 ಕೇಳುವುದು ಕನಿಷ್ಠ 4. ಯಂತ್ರ ಹಿಂದೆ ಬಿದ್ದುದಕ್ಕಿಂತ ಹೊರೆ ಮುಂದೆ ಹೋದುದೇ ಹೆಚ್ಚು. ಯಂತ್ರ ವೇಗಗೊಳ್ಳುವುದಕ್ಕಿಂತ ಬೇಗನೆ ತಂತ್ರಾಂಶ ನಿಧಾನಗೊಳ್ಳುತ್ತಿದೆ ಎಂಬ ಅರ್ಥದ ಮಾತನ್ನು ಪ್ಯಾಸ್ಕಲ್ ಭಾಷೆಯ ಜನಕ ನಿಕ್ಲಾಸ್ ವಿರ್ಥ್ 1995ರಲ್ಲಿಯೇ ಎತ್ತಿ ಆಡಿದ್ದರು.

ಒಂದು ಎಚ್ಚರಿಕೆ ಮಾತ್ರ ಅಗತ್ಯ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಆ ಕಾಲದ ಯಂತ್ರಗಳು ವಿಂಡೋಸ್ 11ರ ನಿಯಮಗಳಿಗೆ ಹೊಂದುವುದಿಲ್ಲ. ಭದ್ರತಾ ತಿದ್ದುಪಡಿಗಳು ಬಾರದ ಯಂತ್ರದಲ್ಲಿ ಬ್ಯಾಂಕಿನ ವ್ಯವಹಾರ ನಡೆಸುವುದು ಬೀಗವಿಲ್ಲದ ಮನೆಯಲ್ಲಿ ಒಡವೆ ಇಟ್ಟಂತೆ. ಲಿನಕ್ಸ್ ಮಿಂಟ್‌ನಂಥ ಉಚಿತ ವ್ಯವಸ್ಥೆಯನ್ನು ಅಳವಡಿಸಿಕೊಂಡರೆ 4 ಜಿ.ಬಿ.ಯ ಯಂತ್ರವೂ ಪತ್ರ, ಲೆಕ್ಕ, ಜಾಲವೀಕ್ಷಣೆಗಳಿಗೆ ಸಾಲುತ್ತದೆ. ವಿಂಡೋಸ್‌ಗೆಂದೇ ರಚಿತವಾದ ಕೆಲವು ತಂತ್ರಾಂಶಗಳು ಅದರಲ್ಲಿ ನಡೆಯವು ಎಂಬುದನ್ನು ಮಾತ್ರ ಮೊದಲೇ ತಿಳಿದಿರಬೇಕು.

ಇಷ್ಟಾದ ಮೇಲೆ ಆ ಮನೆಯ ಯಂತ್ರ ಒಂದು ನಿಮಿಷದೊಳಗೆ ಕಣ್ತೆರೆದರೆ, ಮನೆಯಾಕೆ ಮೊದಲು ತೆರೆಯುವುದು ಮಾವನವರ ಚಿತ್ರಗಳನ್ನೇ. ಕಳಚಿದ ಹಳೆಯ ಡಿಸ್ಕನ್ನು ಯಜಮಾನರೂ ಗುಜರಿಗೆ ಹಾಕಲಾರರು. ಬಟ್ಟೆಯಲ್ಲಿ ಸುತ್ತಿ, ಬೀರುವಿನಲ್ಲಿ ಮನೆಪತ್ರಗಳ ಪಕ್ಕದಲ್ಲಿಡುತ್ತಾರೆ.