ಕೌಂಟಿ ಕ್ರಿಕೆಟ್ಟಿಗೆ ಬೇಸಗೆಯ ಪಾಲು

ಇಂಗ್ಲೆಂಡಿನ ಕೌಂಟಿ ಕ್ರಿಕೆಟ್ ಅಭಿಮಾನಿಗಳ ಅಸಮಾಧಾನವು ಇನ್ನೂ ಶಮನವಾದಂತಿಲ್ಲ. ಚಾಂಪಿಯನ್‌ಷಿಪ್ ಪಂದ್ಯಾಟದಲ್ಲಿ ಪ್ರತಿಯೊಂದು ಕೌಂಟಿಯೂ ಆಡುವ 14 ಪಂದ್ಯಗಳನ್ನು ಕಡಿತಗೊಳಿಸಬೇಕೆಂಬ ಸೂಚನೆಯು 2025ರ ಸಪ್ಟಂಬರದಲ್ಲಿ ಬಿದ್ದುಹೋಯಿತು. 18 ಕೌಂಟಿಗಳ ಪೈಕಿ 12ರ ಒಪ್ಪಿಗೆ ಅದಕ್ಕೆ ಅವಶ್ಯವಿದ್ದು, ಅಷ್ಟು ಮತಗಳು ದೊರೆಯಲಿಲ್ಲ. ಅದಕ್ಕೂ ಮುನ್ನ 2022ರಲ್ಲಿ ಮಾಜಿ ನಾಯಕ ಆಂಡ್ರ್ಯೂ ಸ್ಟ್ರಾಸರ ನೇತೃತ್ವದ ಸಮಿತಿಯು 10 ಪಂದ್ಯಗಳೇ ಸಾಕೆಂದು ಶಿಫಾರಸು ಮಾಡಿದ್ದಾಗಲೂ ಕ್ಲಬ್ಬುಗಳ ಸದಸ್ಯರು ಪ್ರಬಲವಾಗಿ ವಿರೋಧಿಸಿ ಅದನ್ನು ಮೂಲೆಗೆ ಸರಿಸಿದ್ದರು. ಎರಡು ಸಲ ತಮ್ಮ ಮಾತನ್ನು ನಡೆಸಿಕೊಂಡವರು ಸಂತುಷ್ಟರಾಗಿರಬೇಕಾಗಿತ್ತು. ಆದರೆ ಅವರ ಮುಖ್ಯವಾದ ದೂರು ಪಂದ್ಯಗಳ ಸಂಖ್ಯೆಯನ್ನು ಕುರಿತದ್ದಲ್ಲ, ಅವುಗಳನ್ನು ಆಡಿಸುವ ಕಾಲವನ್ನು ಕುರಿತದ್ದು.

ನಮ್ಮ ಮಳೆಗಾಲವೇ ಇಂಗ್ಲೆಂಡಿನ ಬೇಸಗೆ. ಜೂನ್, ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಅಲ್ಲಿ ಬಿಸಿಲು ಹತ್ತುತ್ತದೆ, ಅಂಕಣ ಒಣಗುತ್ತದೆ, ಹಗಲು ರಾತ್ರಿ ಒಂಬತ್ತರವರೆಗೆ ಹಿಗ್ಗುತ್ತದೆ. ಚಾಂಪಿಯನ್‌ಷಿಪ್ಪಾದರೋ ಏಪ್ರಿಲಿನ ಮೊದಲ ವಾರದಲ್ಲೇ, ಪ್ರೇಕ್ಷಕನು ಕಂಬಳಿ ಹೊದೆದು ಕೂಡ್ರಬೇಕಾದ ಚಳಿಯಲ್ಲಿ ಆರಂಭವಾಗುತ್ತದೆ. 2025ರಲ್ಲಿ ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲೇ ಹಲವು ಸುತ್ತುಗಳು ಮುಗಿದುಹೋದವು. ಕೊನೆಯ ಮೂರು ಸುತ್ತುಗಳು ಸಪ್ಟಂಬರಕ್ಕೆ ಬಿದ್ದವು. ನಡುವಿನ ಉತ್ಕೃಷ್ಟವಾದ ಆಗಸ್ಟ್ ಮಾಸವನ್ನು ಬಹುತೇಕ ಪೂರ್ಣವಾಗಿ, 2021ರಲ್ಲಿ ಜನ್ಮತಾಳಿದ ನೂರು ಎಸೆತಗಳ 'ಹಂಡ್ರೆಡ್' ಪಂದ್ಯಾಟಕ್ಕೆ ಬಿಟ್ಟುಕೊಡಲಾಯಿತು. 1890ರಲ್ಲಿ ಅಧಿಕೃತವಾಗಿ ಸ್ಥಾಪಿತವಾದ ಚಾಂಪಿಯನ್‌ಷಿಪ್ಪು ತನ್ನ ಮನೆಯಲ್ಲೇ ಜಗಲಿಯ ಮೇಲೆ ಮಲಗುವ ಸ್ಥಿತಿಗೆ ಬಂದಿದೆಯೆಂದು ಅಲ್ಲಿಯ ಹಳೆಯ ಸದಸ್ಯರು ಕೊರಗಿದರೆ ಅದರಲ್ಲಿ ಅತಿಶಯೋಕ್ತಿಯೇನೂ ಇಲ್ಲ.

ಇದರಿಂದ ಆಟಕ್ಕೆ ಒದಗುವ ಹಾನಿ ಎಂಥದೆಂಬುದನ್ನು ತಿಳಿಯಲು ಕನ್ನಡಿಗರು ದೂರ ಹೋಗಬೇಕಾಗಿಲ್ಲ. 1995ರ ಬೇಸಗೆಯಲ್ಲಿ ಬೆಂಗಳೂರಿನ ಅನಿಲ್ ಕುಂಬ್ಳೆಯವರು ನಾರ್ತಾಂಪ್ಟನ್‌ಷೈರ್ ತಂಡದ ಪರವಾಗಿ ಪ್ರಥಮ ದರ್ಜೆಯ ಪಂದ್ಯಗಳಲ್ಲಿ 105 ವಿಕೆಟ್ಟುಗಳನ್ನು ಕಿತ್ತರು. ಅದೇ ವರ್ಷ ಗ್ಲಾಸ್ಟರ್‌ಷೈರ್ ಪರವಾಗಿ ನಮ್ಮ ಜಾವಗಲ್ ಶ್ರೀನಾಥರು 87 ವಿಕೆಟ್ಟುಗಳನ್ನು ಪಡೆದರು. ಆಗ ಪ್ರತಿ ಕೌಂಟಿಗೆ ನಾಲ್ಕು ದಿನಗಳ 17 ಪಂದ್ಯಗಳಿದ್ದವು. ನಡುಬೇಸಗೆಯ ವಾರಗಳೂ ಅವುಗಳಿಗೆ ಸಲ್ಲುತ್ತಿದ್ದವು. ಚೆಂಡನ್ನು ತಿರುಗಿಸುವವನಿಗೆ ಒಣಗಿದ, ಸವೆದ ನೆಲ ಬೇಕು. ಏಪ್ರಿಲಿನ ಹಸಿ ಹುಲ್ಲಿನ ಮೇಲೆ ಸಾಧಾರಣ ವೇಗದ ಬೌಲರನೂ ಮಹಾರಥನಂತೆ ಮೆರೆಯುತ್ತಾನೆ. ಸ್ಪಿನ್ನರನು ಬೌಂಡರಿಯ ಬಳಿ ಕೈ ಉಜ್ಜುತ್ತ ನಿಲ್ಲುತ್ತಾನೆ. ಮಳೆಯಲ್ಲೇ ನಡೆಯುವ ಕಾಂಗಾ ಲೀಗನ್ನು ಕಂಡಿರುವ ನಮ್ಮ ಮುಂಬಯಿಯ ವಾಚಕರಿಗೆ ತೇವದ ಅಂಕಣದ ಮಹಿಮೆಯನ್ನು ವಿವರಿಸಬೇಕಾಗಿಲ್ಲ. ಮುಂದೊಬ್ಬ ಕುಂಬ್ಳೆ ಅಲ್ಲಿಗೆ ಹೋದರೂ ಈ ವೇಳಾಪಟ್ಟಿಯಲ್ಲಿ ನೂರು ವಿಕೆಟ್ಟುಗಳನ್ನು ಪಡೆಯಲಾರನೆಂದೇ ನಮ್ಮ ಅಭಿಪ್ರಾಯ.

ಮಂಡಳಿಯವರು ಇದಕ್ಕೆ ಹುಡುಕಿದ ಮದ್ದು ವಿಚಿತ್ರವಾಗಿತ್ತು. ಕಾಲವನ್ನು ಬದಲಿಸದೆ ಚೆಂಡನ್ನು ಬದಲಿಸಿದರು. 2023ರಿಂದ ಕೆಲವು ಸುತ್ತುಗಳಲ್ಲಿ ಆಸ್ಟ್ರೇಲಿಯದ ಕೂಕಬರಾ ಚೆಂಡನ್ನು ಪ್ರಯೋಗಿಸಲಾಯಿತು. 2025ರಲ್ಲಿ ಓವಲ್ ಮೈದಾನದಲ್ಲಿ ಅದೇ ಚೆಂಡಿನೆದುರು ಸರ್ರೆ ತಂಡವು ಡರ್ಹಮ್ ವಿರುದ್ಧ 9 ವಿಕೆಟ್ಟಿಗೆ 820 ರನ್ನು ಪೇರಿಸಿತು, ಪಂದ್ಯ ಸಮವಾಯಿತು.

ಆಗಸ್ಟ್ ತಿಂಗಳಿಗೆ ಇನ್ನೊಂದು ಮಹತ್ತ್ವವಿದೆ. ಅದು ಅಲ್ಲಿಯ ಶಾಲೆಗಳ ರಜೆಯ ತಿಂಗಳು. ತಂದೆಯು ಮಗನ ಕೈಹಿಡಿದು ನಾಲ್ಕು ದಿನಗಳ ಪಂದ್ಯವನ್ನು ತೋರಿಸಬಹುದಾದರೆ ಆಗಲೇ. ಅದನ್ನು ಕಸಿದುಕೊಂಡ ಮೇಲೆ, ಗ್ಯಾಲರಿಯಲ್ಲಿ ಪಿಂಚಣಿದಾರರೇ ಕುಳಿತಿದ್ದಾರೆ, ಎಳೆಯರಿಗೆ ಈ ಆಟ ಬೇಡವಾಗಿದೆ ಎಂದು ಹೇಳುವುದು ನ್ಯಾಯವಲ್ಲ. ಎಳೆಯರು ಶಾಲೆಯಲ್ಲಿ, ನಡುವಯಸ್ಸಿನವರು ಕಚೇರಿಯಲ್ಲಿ ಇರುವಾಗ ಆಡಿಸಿದ ಆಟಕ್ಕೆ ಮತ್ತಾರು ಬಂದಾರು? ವಾರದ ರಜೆಯು ಮಂಗಳವಾರವೋ ಗುರುವಾರವೋ ಬೀಳುವ ನಮ್ಮ ಹೊಟೇಲು ಬಂಧುಗಳು ಈ ಸಂಕಟವನ್ನು ಚೆನ್ನಾಗಿ ಬಲ್ಲರು. ಬಾರದೆ ಉಳಿದವರು ಆಸ್ಥೆಯಿಲ್ಲದವರೇನೂ ಅಲ್ಲ. ಕೌಂಟಿಗಳು ಯೂಟ್ಯೂಬಿನಲ್ಲಿ ಉಚಿತವಾಗಿ ತೋರಿಸುವ ಪಂದ್ಯಗಳನ್ನು ಕಚೇರಿಯ ಮೇಜಿನ ಮರೆಯಲ್ಲಿ ನೋಡುವವರು ಬಹುಮಂದಿ. ಬೆಳಿಗ್ಗೆ 11ಕ್ಕೆ ಅಲ್ಲಿ ಆಟ ಮೊದಲಾದರೆ ನಮಗೆ ಮಧ್ಯಾಹ್ನ 3-30. ಊಟದ ಗಿರಾಕಿಗಳು ಎದ್ದು, ಸಂಜೆಯ ತಿಂಡಿಗೆ ಇನ್ನೂ ಒಲೆ ಹತ್ತದ ಆ ಬಿಡುವಿನಲ್ಲಿ ನಮ್ಮವರೂ ಇಣಿಕಿ ನೋಡಬಹುದು. 2024ರಲ್ಲಿ ಕರುಣ್ ನಾಯರ್ ನಾರ್ತಾಂಪ್ಟನ್‌ಷೈರ್ ಪರವಾಗಿ ಔಟಾಗದೆ 202 ರನ್ನು ಹೊಡೆದದ್ದು ಇಂಥ ಪಂದ್ಯದಲ್ಲೇ. ಮರುವರ್ಷ, 8 ವರ್ಷಗಳ ತರುವಾಯ ಅವರು ಭಾರತದ ಟೆಸ್ಟ್ ತಂಡಕ್ಕೆ ಮರಳಿದರು.

ಈ ಪಂದ್ಯಾಟದಲ್ಲಿ ರೋಚಕತೆ ಇಲ್ಲವೆನ್ನುವವರು 2016ರ ಕೊನೆಯ ದಿನವನ್ನು ಸ್ಮರಿಸಿಕೊಳ್ಳಬೇಕು. ಚಾಂಪಿಯನ್‌ಷಿಪ್ಪನ್ನು ಎಂದೂ ಗೆಲ್ಲದ ಸಾಮರ್ಸೆಟ್ ತನ್ನ ಪಂದ್ಯವನ್ನು ಒಂದು ದಿನ ಮೊದಲೇ ಗೆದ್ದು ಟಾಂಟನ್ನಿನಲ್ಲಿ ಕಾದು ಕುಳಿತಿತ್ತು. ಲಾರ್ಡ್ಸಿನಲ್ಲಿ ಮಿಡ್ಲ್‌ಸೆಕ್ಸ್ ಮತ್ತು ಯಾರ್ಕ್‌ಷೈರ್ ತಂಡಗಳ ಪಂದ್ಯ ಸಮವಾದರೆ ಪಟ್ಟ ಸಾಮರ್ಸೆಟ್ಟಿನದು. ದಿನದಾಟ ಮುಗಿಯಲು ಕೆಲವೇ ಓವರುಗಳಿದ್ದಾಗ ಟೋಬಿ ರೋಲಂಡ್-ಜೋನ್ಸ್ ಹ್ಯಾಟ್‌ಟ್ರಿಕ್ ಸಾಧಿಸಿದನು. ಮಿಡ್ಲ್‌ಸೆಕ್ಸ್ 61 ರನ್ನುಗಳಿಂದ ಗೆದ್ದು ಪಟ್ಟವನ್ನು ಕೊಂಡೊಯ್ಯಿತು. ಆರು ತಿಂಗಳ ಶ್ರಮದ ಫಲ ಮೂರು ಎಸೆತಗಳಲ್ಲಿ ಕೈಬದಲಾದ ಆ ಸಂಜೆಯನ್ನು ಸಾಮರ್ಸೆಟ್ಟಿನವರು ಇಂದಿಗೂ ಮರೆತಿಲ್ಲ.

ಎದುರು ಪಕ್ಷದ ವಾದದಲ್ಲಿ ಹುರುಳಿಲ್ಲವೆಂದು ನಾವು ಹೇಳುವುದಿಲ್ಲ. ಹಂಡ್ರೆಡ್ ಪಂದ್ಯಾಟಕ್ಕೆ ಮಕ್ಕಳೂ ಮಹಿಳೆಯರೂ ಗುಂಪುಗುಂಪಾಗಿ ಬಂದಿದ್ದಾರೆ. ಮಹಿಳೆಯರ ಪಂದ್ಯಗಳಿಗೆ ಅದರಿಂದ ದೊರೆತ ಪ್ರೋತ್ಸಾಹ ಅಭಿನಂದನೀಯವಾದುದು. ಅದರ ಉತ್ಪತ್ತಿಯಿಂದ ಪ್ರತಿ ಕೌಂಟಿಗೂ ವರ್ಷಕ್ಕೆ ಸುಮಾರು 13 ಲಕ್ಷ ಪೌಂಡು ಹಂಚಿಕೆಯಾಗುತ್ತ ಬಂದಿತು. ಅದಿಲ್ಲದೆ ಸಣ್ಣ ಕೌಂಟಿಗಳ ಲೆಕ್ಕಪತ್ರ ಸರಿದೂಗುವುದು ಕಷ್ಟ. ಆಟಗಾರರ ದಣಿವೂ ನಿಜ. ಒಂದೂರಿನಲ್ಲಿ ನಾಲ್ಕು ದಿನ ಆಡಿ, ರಾತ್ರಿಯಿಡೀ ಪ್ರಯಾಣ ಮಾಡಿ, ಮತ್ತೊಂದೂರಿನಲ್ಲಿ ಬೆಳಿಗ್ಗೆ ಬೌಲ್ ಮಾಡುವವನೂ ಒಬ್ಬ ದುಡಿಮೆಗಾರನೇ. ಅವನಿಗೆ ವಿಶ್ರಾಂತಿ ಬೇಕೆಂಬ ಆಟಗಾರರ ಸಂಘದ ಬೇಡಿಕೆಯನ್ನು ದುಡಿಯುವ ಜನರ ಪತ್ರಿಕೆಯಾದ ನಾವು ಅಲ್ಲಗಳೆಯಲಾರೆವು. ಈ ವಿಷಯದಲ್ಲಿ ಅಭಿಮಾನಿಗಳಲ್ಲಿ ಕೆಲವರು ಆಡುವ ಬಿರುನುಡಿ ನಮಗೆ ಒಪ್ಪಿಗೆಯಿಲ್ಲ. ಆದರೆ ಕತ್ತರಿಯು ಪ್ರತಿ ಸಲವೂ ಚಾಂಪಿಯನ್‌ಷಿಪ್ಪಿನ ಕಡೆಗೇ ತಿರುಗುವುದೇಕೆಂಬ ಅವರ ಪ್ರಶ್ನೆಗೆ ಮಂಡಳಿಯಿಂದ ತೃಪ್ತಿಕರವಾದ ಉತ್ತರ ಬಂದಿಲ್ಲ. 2026ರಿಂದ ಇಪ್ಪತ್ತು ಓವರುಗಳ ಬ್ಲಾಸ್ಟ್ ಪಂದ್ಯಾಟದ ಪ್ರಾಥಮಿಕ ಪಂದ್ಯಗಳನ್ನು 14ರಿಂದ 12ಕ್ಕೆ ಇಳಿಸಲು ನಿರ್ಧರಿಸಿದ್ದು ಸ್ವಾಗತಾರ್ಹವಾದ ಹೆಜ್ಜೆ.

ಈಗ ನಮ್ಮ ದೇಶದ ಹಣವೂ ಈ ವ್ಯವಹಾರದಲ್ಲಿ ಪ್ರವೇಶಿಸಿದೆ. 2025ರಲ್ಲಿ ಹಂಡ್ರೆಡ್ ತಂಡಗಳ ಪಾಲುಗಳು ಮಾರಾಟಕ್ಕೆ ಬಂದಾಗ ಮುಂಬಯಿಯ ರಿಲಯನ್ಸ್ ಸಮೂಹವು ಓವಲ್ ತಂಡದಲ್ಲಿ ಶೇಕಡ 49 ಪಾಲನ್ನೂ, ಚೆನ್ನೈಯ ಸನ್ ಸಮೂಹವು ಲೀಡ್ಸ್ ತಂಡವನ್ನು ಸಂಪೂರ್ಣವಾಗಿಯೂ ಕೊಂಡವು. ಹ್ಯಾಂಪ್‌ಷೈರ್ ಕೌಂಟಿಯ ಒಡೆತನವೇ 2024ರಲ್ಲಿ, ಐ.ಪಿ.ಎಲ್.ನ ದಿಲ್ಲಿ ತಂಡದಲ್ಲಿ ಪಾಲುಳ್ಳ ಜಿ.ಎಂ.ಆರ್. ಸಂಸ್ಥೆಯ ಕೈಸೇರಲು ಗೊತ್ತಾಯಿತು. ನಮ್ಮ ವಾಚಕರು ದುಡಿಯುವ ಇದೇ ನಗರಗಳ ಬಂಡವಾಳವು ಇಂಗ್ಲೆಂಡಿನ ಆಗಸ್ಟ್ ತಿಂಗಳಿಗೆ ಬೆಲೆ ಕಟ್ಟಿದೆ. ಇಷ್ಟು ಹಣ ಸುರಿದವರು ತಮ್ಮ ನಾಲ್ಕು ವಾರಗಳಲ್ಲಿ ಒಂದು ದಿನವನ್ನೂ ಸುಲಭವಾಗಿ ಬಿಟ್ಟುಕೊಡಲಾರರು. ರಣಜಿ ಪಂದ್ಯಾಟವನ್ನು 2024-25ರ ಋತುವಿನಲ್ಲಿ ಎರಡು ತುಂಡು ಮಾಡಿ, ನಡುವೆ ಸೀಮಿತ ಓವರುಗಳ ಪಂದ್ಯಗಳನ್ನು ತೂರಿಸಿದ್ದನ್ನು ಕಂಡ ನಮಗೆ ಇದರ ಗತಿ ಅಪರಿಚಿತವಲ್ಲ.

ಆದರೆ ಅಲ್ಲಿಯ ಅಭಿಮಾನಿಗೆ ನಮ್ಮಲ್ಲಿಲ್ಲದ ಒಂದು ಸಾಧನವಿದೆ. 18 ಕೌಂಟಿಗಳಲ್ಲಿ 15 ಇನ್ನೂ ಸದಸ್ಯರ ಸ್ವತ್ತು. ನಮ್ಮ ಸಹಕಾರಿ ಸೊಸೈಟಿಗಳಂತೆ, ವಾರ್ಷಿಕ ಚಂದಾ ಕೊಟ್ಟ ಗುಮಾಸ್ತನೂ ಮಹಾಸಭೆಯಲ್ಲಿ ಎದ್ದು ನಿಂತು ಅಧ್ಯಕ್ಷನನ್ನು ಪ್ರಶ್ನಿಸಬಲ್ಲನು, ಮತ ಹಾಕಬಲ್ಲನು. ಹೆಚ್ಚಿನ ಹಣದ ಆಸೆಗೆ ಈ ಹಕ್ಕನ್ನು ಮಾರಿಕೊಳ್ಳಬಾರದೆಂದು ಅವರಿಗೆ ನಮ್ಮ ವಿಜ್ಞಾಪನೆ. ಮಂಡಳಿಯವರೊಡನೆ ನಾವು ಕೇಳುವುದು ಅತ್ಯಲ್ಪ. ಬ್ಲಾಸ್ಟ್ ಪಂದ್ಯಗಳನ್ನು ಇಳಿಸಿದ್ದರಿಂದ ದೊರೆತ ದಿನಗಳನ್ನು ಜುಲೈಯಲ್ಲಿ ಚಾಂಪಿಯನ್‌ಷಿಪ್ಪಿಗೆ ಸಲ್ಲಿಸಲಿ. ಏಪ್ರಿಲಿನಿಂದ ಎರಡು ಸುತ್ತುಗಳನ್ನು ತೆಗೆದು ಅಲ್ಲಿಗೆ ತರಲಿ. ಹಂಡ್ರೆಡ್ ನಡೆಯುವುದು ಎಂಟು ಮೈದಾನಗಳಲ್ಲಿ ಮಾತ್ರ. ಟಾಂಟನ್, ವೂಸ್ಟರ್, ಕ್ಯಾಂಟರ್‌ಬರಿ, ಹೋವ್, ಚೆಮ್ಸ್‌ಫರ್ಡ್ ಮೊದಲಾದ ಮೈದಾನಗಳಲ್ಲಿ ಆಗಸ್ಟ್ ತಿಂಗಳಲ್ಲೂ ಒಂದು ಸುತ್ತನ್ನಾದರೂ ಆಡಿಸಲಿ. ಹೆಸರಾಂತ ಆಟಗಾರರಿಲ್ಲದೆ ಪಟ್ಟದ ನಿರ್ಣಯವಾಗುವುದೆಂಬ ಆಕ್ಷೇಪಣೆ ಬರಬಹುದು. ಟೆಸ್ಟ್ ಪಂದ್ಯಗಳಿದ್ದಾಗಲೆಲ್ಲ ಕೌಂಟಿಗಳು ಹೆಸರಾಂತರನ್ನು ಕಳುಹಿಸಿಕೊಟ್ಟು, ಉಳಿದವರನ್ನೇ ಕಟ್ಟಿಕೊಂಡು ಆಡುತ್ತ ಬಂದಿವೆ.