ಬಾಡಿದ ಜೋಳಕ್ಕೆ ಕುಡುಗೋಲು ಹಾಕುವ ಮುನ್ನ

ಅಕ್ಕ ತಂಗಿಯರೇ, ಮಳೆ ಕೈಕೊಟ್ಟ ವರ್ಷ ಜೋಳ ಮೊಣಕಾಲುದ್ದಕ್ಕೆ ಬಂದು ನಿಂತುಬಿಡುತ್ತದೆ. ‘ಹೇಗೂ ತೆನೆ ಬರೋದಿಲ್ಲ, ಹಸುವಿಗಾದರೂ ಆಗಲಿ’ ಎಂದು ಕೊಯ್ದು ತರುವವರು ಹೆಚ್ಚಾಗಿ ನಾವೇ. ಆ ಹಸಿರು ಮೇವು ತಿಂದ ಹಸು ಅರ್ಧ ಗಂಟೆಯೊಳಗೇ ಏದುಸಿರು ಬಿಟ್ಟು, ಬಾಯಲ್ಲಿ ನೊರೆ ಬಂದು ಕುಸಿಯಬಹುದು. ಹಾವು ಮುಟ್ಟಿತು, ದೃಷ್ಟಿ ತಾಗಿತು ಎನ್ನುವವರಿದ್ದಾರೆ. ಕಾರಣ ಇರುವುದು ಜೋಳದೊಳಗೇ.

ಗಿಡಕ್ಕೆ ಓಡಿಹೋಗಲು ಕಾಲಿಲ್ಲ. ತಿನ್ನಲು ಬರುವ ಹುಳು, ದನಗಳಿಂದ ಉಳಿಯಲು ಜೋಳದ ಜೀನ್‌ಗಳು, ಅಂದರೆ ವಂಶವಾಹಿಗಳು, ಧುರಿನ್ ಎಂಬ ವಸ್ತುವನ್ನು ಮಾಡಿಸುತ್ತವೆ. ಎಲೆ ಜಗಿದಾಗ ಅದು ಒಡೆದು ಸಯನೈಡ್ ವಿಷ ಹೊರಬರುತ್ತದೆ. ಎಳೆ ಗಿಡದಲ್ಲಿ ಧುರಿನ್ ಜಾಸ್ತಿ, ಬಲಿತಂತೆ ಕಡಿಮೆ. ನೀರಿಲ್ಲದೆ ಬೆಳವಣಿಗೆ ನಿಂತಾಗ ಮಾತ್ರ ಅದು ಎಲೆಯಲ್ಲಿ ಏರುತ್ತದೆ. ಯೂರಿಯಾ ಜಾಸ್ತಿ ಸುರಿದಿದ್ದರೆ ಇನ್ನೂ ಏರುತ್ತದೆ. ಬರದ ನಂತರ ಒಂದು ಮಳೆ ಬಿದ್ದಾಗ ಒಡೆಯುವ ಕೂಳೆ ಚಿಗುರು ನೋಡಲು ಚಂದ, ಅಪಾಯ ಅಷ್ಟೇ.

‘ಬರ ತಾಳುವ ತಳಿ’ ಎಂದು ಹೊಗಳುವವರನ್ನು ನಾನು ಕೇಳುವುದು ಇಷ್ಟೇ: ಗಿಡ ತಾಳಿತು ಸರಿ, ಅದನ್ನು ತಿನ್ನುವ ಹಸುವಿನ ಗತಿ? ಆಸ್ಟ್ರೇಲಿಯಾ ಮತ್ತು ಡೆನ್ಮಾರ್ಕ್ ವಿಜ್ಞಾನಿಗಳು ಧುರಿನ್ ಮಾಡಿಸುವ ಜೀನ್ ಕೆಲಸ ಮಾಡದಂಥ ಜೋಳದ ಗಿಡಗಳನ್ನು ಹುಡುಕಿ ತೆಗೆದು, 2012ರಲ್ಲಿ ಪ್ರಕಟಿಸಿದರು. ಹೊರಗಿನ ಜೀನ್ ಏನನ್ನೂ ಸೇರಿಸಿರಲಿಲ್ಲ. ನಾವು ಅದಕ್ಕಾಗಿ ಕಾಯುತ್ತ ಕೂರಬೇಕಿಲ್ಲ. ಈಗಿರುವ ತಳಿಗಳಲ್ಲೇ ವಿಷ ಹೆಚ್ಚಿರುವವು, ಕಡಿಮೆ ಇರುವವು ಇವೆ. ಬೀಜದ ಪೊಟ್ಟಣದ ಮೇಲೆ ಎಷ್ಟು ಕಟಾವು, ಎಷ್ಟು ಟನ್ ಇಳುವರಿ ಎಂದು ದಪ್ಪಕ್ಷರದಲ್ಲಿ ಬರೆಯುವವರು, ಮೊದಲ ಕಟಾವು ಎಷ್ಟು ದಿನಕ್ಕೆ, ವಿಷದ ಅಂಶ ಎಷ್ಟು ಎಂಬುದನ್ನೂ ಬರೆಯಲಿ. ಒಕ್ಕೂಟ ಬೀಜ ಕೊಳ್ಳುವಾಗ ಇದನ್ನು ಕೇಳಬೇಕು. ಡೇರಿಯ ಸಭೆಯಲ್ಲಿ ನಾವೂ ಕೇಳೋಣ. ಮೇವು ಕೊಯ್ಯುವವರು ನಾವು, ಮೇವಿನ ಮಾಹಿತಿ ಹೋಗುವುದು ಮನೆಯ ಗಂಡಸರಿಗೆ!

ಸದ್ಯಕ್ಕೆ, ಹೂ ಬರುವವರೆಗೆ ಜೋಳವನ್ನು ಹಸಿಯಾಗಿ ಹಾಕಬೇಡಿ. ಒಣಗಿ ನಿಂತದ್ದನ್ನು ಕೊಯ್ಯಲೇಬೇಕಾದರೆ ಬಿಸಿಲಿಗೆ ಚೆನ್ನಾಗಿ ಒಣಗಿಸಿ, ಇಲ್ಲವೇ ರಸಮೇವು ಮಾಡಿ. ವಿಷ ಬಹಳ ಇಳಿಯುತ್ತದೆ. ಸಜ್ಜೆಯಲ್ಲಿ ಈ ವಿಷ ಇಲ್ಲ. ಹಸು ಏದುಸಿರು ಬಿಟ್ಟರೆ ಮನೆಮದ್ದು ಹುಡುಕುತ್ತ ಕೂರದೆ ಪಶುವೈದ್ಯರಿಗೆ ಫೋನ್ ಮಾಡಿ, ಜೋಳ ತಿಂದಿದೆ ಎಂದು ಮೊದಲೇ ಹೇಳಿ. ಥಯೋಸಲ್ಫೇಟ್ ಚುಚ್ಚುಮದ್ದು ಇದೆ, ಅದನ್ನು ಕೈಯಲ್ಲಿ ಹಿಡಿದೇ ಬರಲಿ.