ಕ್ಯಾರೆಟ್ ಚೀಲ ಹಿಡಿದು ಕುದುರೆಗಳ ನಡುವೆ ಹೋಗಬೇಡಿ

ಕಳೆದ ಬೇಸಿಗೆಯಲ್ಲಿ ಅಮ್ಮ ಊರಿನಿಂದ ಬಂದು ಐದು ತಿಂಗಳು ನಮ್ಮೊಂದಿಗೆ ಇದ್ದರು. ನಾವಿರುವುದು ಇಂಗ್ಲೆಂಡಿನ ಹ್ಯಾಂಪ್‌ಶೈರ್‌ನಲ್ಲಿ. ಹೊರಡುವ ಮೊದಲೇ ಸ್ವೆಟರ್, ಬಿ.ಪಿ. ಮಾತ್ರೆ, ವಿಮೆ, ವಿಮಾನದಲ್ಲಿ ಸಸ್ಯಾಹಾರದ ಊಟ ಎಂದು ಎಲ್ಲಕ್ಕೂ ಪಟ್ಟಿ ಮಾಡಿ ಕಳಿಸಿದ್ದೆವು. ಲೆಕ್ಕಪರಿಶೋಧನೆಯ ಕಸುಬಿನವರಿಗೆ ಪಟ್ಟಿ ಮಾಡುವುದು ಒಂದು ಚಟ. ಆದರೆ ಆ ಪಟ್ಟಿಯಲ್ಲಿ ಕುದುರೆ ಇರಲಿಲ್ಲ.

ನಮ್ಮ ಮನೆಯಿಂದ ಹತ್ತು ನಿಮಿಷ ನಡೆದರೆ ಒಂದು ಹುಲ್ಲುಗಾವಲು. ಜಮೀನು ಖಾಸಗಿಯವರದು, ಆದರೆ ಅದರ ನಡುವೆ ಸಾರ್ವಜನಿಕ ಕಾಲುದಾರಿ ಹಾದುಹೋಗುತ್ತದೆ. ಇಂಗ್ಲೆಂಡಿನಲ್ಲಿ ಇಂಥ ದಾರಿಗಳು ಊರೂರಲ್ಲೂ ಇವೆ, ನಡೆದು ಹೋಗುವ ಹಕ್ಕು ಎಲ್ಲರಿಗೂ ಇದೆ. ಅಲ್ಲಿ ನಾಲ್ಕು ಕುದುರೆಗಳು ಮೇಯುತ್ತಿದ್ದವು. ಅಮ್ಮ ಮೊದಲ ದಿನ ಬೇಲಿಯಾಚೆಯಿಂದ ನೋಡಿದರು, ಮರುದಿನ ಎರಡು ಕ್ಯಾರೆಟ್ ಒಯ್ದರು. ವಾರ ಕಳೆಯುವಷ್ಟರಲ್ಲಿ ನಾವು ಬರುವ ಹೊತ್ತಿಗೆ ನಾಲ್ಕೂ ಗೇಟಿನ ಬಳಿ ಕಾದು ನಿಂತಿರುತ್ತಿದ್ದವು. ‘ನೋಡೋ, ನನ್ನ ಗುರುತು ಹಿಡಿತಾವೆ’ ಎಂದು ಅಮ್ಮನಿಗೆ ಸಂಭ್ರಮ. ನಮಗೂ ಖುಷಿಯೇ ಆಗಿತ್ತು, ಫೋಟೊ ತೆಗೆದು ಊರಿಗೆ ಕಳಿಸಿದೆವು.

ಮುಂದಿನ ಭಾನುವಾರ ಚೀಲ ಹಿಡಿದು ಗೇಟು ದಾಟಿದೆವು. ಕಂದು ಕುದುರೆಯೊಂದು ಮುಖವನ್ನು ನೇರವಾಗಿ ಚೀಲಕ್ಕೆ ತುರುಕಿತು. ಹಿಂದಿನಿಂದ ಬಂದ ಇನ್ನೊಂದು ಕಿವಿಗಳನ್ನು ಹಿಂದಕ್ಕೆ ಮಡಚಿ ಅದರ ಬೆನ್ನಿಗೆ ಬಾಯಿ ಹಾಕಿತು. ಕಂದು ಕುದುರೆ ಗಕ್ಕನೆ ತಿರುಗಿತು. ಮಧ್ಯದಲ್ಲಿ ಇದ್ದವರು ಅಮ್ಮ. ಅದು ಒದೆಯಲಿಲ್ಲ, ಭುಜ ತಗುಲಿತು ಅಷ್ಟೆ. ಸುಮಾರು ಐನೂರು ಕಿಲೋ ತೂಕದ ಪ್ರಾಣಿಯ ಭುಜ. ಬಿದ್ದ ಅಮ್ಮನ ಬಲಗೈ ಮಣಿಕಟ್ಟು ಮುರಿಯಿತು.

ಇಲ್ಲಿನ ಸರ್ಕಾರಿ ಆಸ್ಪತ್ರೆಯ ತುರ್ತು ವಿಭಾಗದ ಚಿಕಿತ್ಸೆಗೆ ಪ್ರವಾಸಿಗರಿಂದಲೂ ಹಣ ಕೇಳುವುದಿಲ್ಲ. ಆದರೆ ಒಳರೋಗಿಯಾಗಿ ದಾಖಲಾದರೆ, ನಂತರದ ತಪಾಸಣೆಗಳಿಗೆ ಹೋದರೆ ಬಿಲ್ ಬರುತ್ತದೆ, ಅದೂ ಸಾಮಾನ್ಯ ದರದ ಒಂದೂವರೆ ಪಟ್ಟು. ಅಮ್ಮನಿಗೆ ವಿಮೆ ಇತ್ತು, ಪುಣ್ಯ.

ನಮ್ಮ ಕನ್ನಡ ಬಳಗದಲ್ಲಿ ಕೆಲವರು ‘ಮಾಲೀಕನ ಮೇಲೆ ಕೇಸು ಹಾಕಿ’ ಎಂದರು. ನಾವು ಒಪ್ಪಲಿಲ್ಲ. ಆ ಕುದುರೆಗಳಿಗೆ ಮೈಮೇಲೆ ಬರುವ ಚಾಳಿ ಕಲಿಸಿದ್ದು ಒಂದು ವಾರದ ನಮ್ಮ ಕ್ಯಾರೆಟ್ಟೇ.

ಇದನ್ನು ನಮಗೆ ಬಿಡಿಸಿ ಹೇಳಿದ್ದು ಹನ್ನೆರಡು ವರ್ಷದ ಮಗಳು. ಶನಿವಾರ ಸವಾರಿ ಕಲಿಯಲು ಹೋಗುವ ಲಾಯದಲ್ಲಿ ಮೊದಲು ಹೇಳಿಕೊಡುವುದು ಸವಾರಿಯನ್ನಲ್ಲ, ಹುಲ್ಲುಗಾವಲಿನಿಂದ ಕುದುರೆಯನ್ನು ಹೊರಗೆ ತರುವುದನ್ನು. ಕುದುರೆ ಬೇಟೆಗೆ ಬಲಿಯಾಗುತ್ತಿದ್ದ ಜಾತಿಯ ಪ್ರಾಣಿ, ಹಿಂಡೇ ಅದರ ಕೋಟೆ. ಜೊತೆಗಾರರನ್ನು ಹೆಚ್ಚು ಹಚ್ಚಿಕೊಂಡ ಕುದುರೆಯನ್ನು ಬೇರ್ಪಡಿಸಿದರೆ ಕೆನೆಯುತ್ತದೆ, ಸುತ್ತುತ್ತದೆ, ಹಿಡಿದವರನ್ನು ತಳ್ಳಿಕೊಂಡೇ ಹಿಂಡಿನತ್ತ ಓಡಲು ನೋಡುತ್ತದೆ. ಉಳಿದವು ಗೇಟಿಗೆ ಬಂದು ಮುತ್ತಿಕೊಳ್ಳುತ್ತವೆ. ಆದ್ದರಿಂದ ಅಲ್ಲಿ ಒಬ್ಬರೇ ಒಳಗೆ ಹೋಗುವಂತಿಲ್ಲ. ಒಬ್ಬರು ಕುದುರೆ ಹಿಡಿದರೆ ಇನ್ನೊಬ್ಬರು ಗೇಟಿನಲ್ಲಿ ನಿಂತು, ಕೈಯಲ್ಲಿ ಹಗ್ಗ ಬೀಸುತ್ತ ಉಳಿದವನ್ನು ದೂರ ಇಡುತ್ತಾರೆ. ಜೇಬಿನಲ್ಲಿ ತಿನ್ನುವ ಪದಾರ್ಥ ಇರಕೂಡದು. ಹೆಲ್ಮೆಟ್, ಗಟ್ಟಿ ಬೂಟು, ಕೈಗವಸು ಬೇಕೇ ಬೇಕು. ಹಗ್ಗವನ್ನು ಕೈಗೆ ಸುತ್ತಿಕೊಳ್ಳಬಾರದು, ಕುದುರೆ ಓಡಿದರೆ ಕೈಯನ್ನೂ ಎಳೆದೊಯ್ಯುತ್ತದೆ. ವಾಪಸ್ ಬಿಡುವಾಗ ಒಳಗೆ ತಂದು, ಅದರ ಮುಖವನ್ನು ಗೇಟಿನತ್ತ ತಿರುಗಿಸಿ, ನಾವು ಗೇಟಿಗೆ ಹತ್ತಿರ ನಿಂತು ಬಿಡಬೇಕು. ಹಿಂಡಿಗೆ ಮರಳುವ ಉತ್ಸಾಹದಲ್ಲಿ ಅದು ಹಿಂಗಾಲು ಝಾಡಿಸಿ ಓಡುವುದುಂಟು. ಆ ಹೊತ್ತಿಗೆ ಅದಕ್ಕೆ ತಿರುಗಲು ಬೇಕಾದ ಒಂದೆರಡು ಕ್ಷಣವೇ ನಮಗೆ ಸಿಗುವ ಬಿಡುವು.

ಕುದುರೆಯ ಹಿಂದೆ, ಅಧಿಕಾರಿಯ ಮುಂದೆ ಸುಳಿಯಬಾರದು ಎನ್ನುವ ಗಾದೆ ಅಮ್ಮನಿಗೂ ಗೊತ್ತಿತ್ತು. ಆದರೆ ಗಾದೆಯಲ್ಲಿರುವುದು ಒಂದೇ ಕುದುರೆ. ನಾಲ್ಕು ಇದ್ದಾಗ ಒಂದರ ಮುಂದೆ ನಿಂತವರು ಇನ್ನೊಂದರ ಹಿಂದೆ ಇರುತ್ತಾರೆ. ಹಾಗಾಗಿ ದಾರಿಹೋಕರು ಮಾಡಬೇಕಾದ್ದು ಇಷ್ಟೇ: ಕುದುರೆಗಳು ಗೇಟಿನಲ್ಲಿ ಗುಂಪುಗೂಡಿದ್ದರೆ ಒಳಗೆ ಹೋಗದೆ ಕಾಯಿರಿ, ಇಲ್ಲವೇ ಬೇರೆ ದಾರಿ ಹಿಡಿಯಿರಿ. ಹಿಂಡಿನ ನಡುವೆ ನುಗ್ಗಬೇಡಿ, ತಾಯಿ ಮತ್ತು ಮರಿಯ ಮಧ್ಯೆಯಂತೂ ಬೇಡವೇ ಬೇಡ. ಹತ್ತಿರ ಬಂದರೆ ಓಡದೆ, ಕೈಗಳನ್ನು ಅಗಲಿಸಿ ಗಟ್ಟಿ ದನಿಯಲ್ಲಿ ಗದರಿಸಿ. ಚೀಲಕ್ಕೆ ಬಾಯಿ ಹಾಕಿದರೆ ಚೀಲ ಬಿಟ್ಟು ಹೊರಡಿ. ನಾಲ್ಕು ಪೌಂಡಿನ ತರಕಾರಿ ಹೋದರೆ ಹೋಗಲಿ.

ಮೂಕಪ್ರಾಣಿಗೆ ಒಂದು ತುತ್ತು ಹಾಕುವುದು ನಮ್ಮವರಿಗೆ ರಕ್ತದಲ್ಲೇ ಬಂದದ್ದು. ಮನೆ ಬಾಗಿಲಿಗೆ ಬಂದ ಹಸುವಿಗೆ ಬಾಳೆಹಣ್ಣು ಕೊಡದೆ ಕಳಿಸುವವರಲ್ಲ. ಆದರೆ ಕುದುರೆಯ ಹೊಟ್ಟೆ ಹಸುವಿನದಲ್ಲ. ಅದಕ್ಕೆ ವಾಂತಿ ಮಾಡಲು ಆಗುವುದಿಲ್ಲ. ಮಿಕ್ಕ ಚಪಾತಿ, ಬ್ರೆಡ್, ಹಿತ್ತಲಲ್ಲಿ ಯಂತ್ರ ಓಡಿಸಿ ಕತ್ತರಿಸಿದ ಹುಲ್ಲು ಇವೆಲ್ಲ ಹೊಟ್ಟೆಶೂಲೆ ತಂದು ಜೀವವನ್ನೇ ತೆಗೆಯಬಹುದು. ಊರಿನಿಂದ ಬಂದವರನ್ನು ನಾವೆಲ್ಲ ಕರೆದೊಯ್ಯುವ ನ್ಯೂ ಫಾರೆಸ್ಟ್‌ನಲ್ಲಿ ಸಾವಿರಾರು ಕುದುರೆಗಳು ರಸ್ತೆಯ ಮೇಲೇ ಅಡ್ಡಾಡುತ್ತವೆ. ಕಾಡು ಕುದುರೆ ಎಂದುಕೊಳ್ಳುತ್ತೇವೆ, ಆದರೆ ಅವಕ್ಕೆಲ್ಲ ಮಾಲೀಕರಿದ್ದಾರೆ. ಅಲ್ಲಿ 2023ರ ಜುಲೈ 1ರಿಂದ ಅವುಗಳಿಗೆ ತಿನ್ನಿಸುವುದು, ಮೈ ಸವರುವುದು ಎರಡನ್ನೂ ನಿಷೇಧಿಸಿ, ಸ್ಥಳದಲ್ಲೇ 100 ಪೌಂಡ್ ದಂಡ ಗೊತ್ತುಮಾಡಿದರು. ಅತಿಯಾಯಿತು ಎಂದು ಆಗ ಗೊಣಗಿದವರಲ್ಲಿ ನಾವೂ ಇದ್ದೆವು.

ಅಮ್ಮನ ಕೈ ಕೂಡಿದೆ, ಆದರೆ ಚಪಾತಿ ಲಟ್ಟಿಸುವಾಗ ಈಗಲೂ ನೋಯುತ್ತದಂತೆ. ಈ ಬೇಸಿಗೆಗೆ ಅತ್ತೆ, ಮಾವ ಬರುತ್ತಿದ್ದಾರೆ. ಪಟ್ಟಿಯಲ್ಲಿ ಈ ಸಲ ಕುದುರೆಯೂ ಸೇರಿದೆ. ಅದನ್ನು ಓದಿಯೂ ಮೊನ್ನೆ ಮಾವ ಫೋನಿನಲ್ಲಿ ಕೇಳಿದರು: ‘ಒಂದು ಚೂರು ಬೆಲ್ಲ ಕೊಟ್ಟರೆ ಏನಾದೀತು ಅಳಿಯಂದಿರೇ?’